ಮೂರು ಕಾಂಪೌಂಡುಗಳ ನಡುವಿನ ಓಣಿ

ಸಹಭಾಗಿತ್ವ ಎಂದರೇನು ಎಂದು ಯಾರಾದರೂ ಕೇಳಿದರೆ ಸಂಯೋಜಕಿ ನಗುತ್ತಿದ್ದಳು. ಎತ್ತು ಏರಿಗೆ ಎಳೆಯುತ್ತದೆ, ಕೋಣ ನೀರಿಗೆ ಎಳೆಯುತ್ತದೆ, ನಡುವೆ ಹಗ್ಗ ಹಿಡಿದವಳ ಅಂಗೈ ಸುಲಿಯುತ್ತದೆ, ಅಷ್ಟೇ. ಅವಳ ಪಾಲಿಗೆ ಎಳೆಯುವವರು ಇಬ್ಬರಲ್ಲ, ಮೂವರು. ಒಂದು ತಾಂತ್ರಿಕ ಶಾಲೆ, ಅದರ ಬೆನ್ನಿಗೇ ಗಾಲಿಕುರ್ಚಿ ಮತ್ತು ರೋಗಿಗಳ ಮಂಚ ಮಾಡುವ ಒಂದು ಕಾರ್ಖಾನೆ, ಎರಡಕ್ಕೂ ಪಕ್ಕೆ ತಾಗಿಸಿಕೊಂಡು ನಿಂತ ಸರ್ಕಾರಿ ಆಸ್ಪತ್ರೆ. ಶಾಲೆಯ ಮಕ್ಕಳು ಕಾರ್ಖಾನೆಯಲ್ಲಿ ಕೆಲಸ ಕಲಿಯಬೇಕು, ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತ ಕೈ ಪಳಗಿಸಿಕೊಳ್ಳಬೇಕು, ಆಮೇಲೆ ಮೂರನೇ ಘಟ್ಟ ಮುಗಿಸಿ ಕೆಲಸಕ್ಕೆ ಸೇರಬೇಕು. ಕಾಗದದ ಮೇಲೆ ಇದಕ್ಕಿಂತ ಚೆಂದದ ಯೋಜನೆ ಇನ್ನೊಂದಿರಲಿಲ್ಲ.

ಆದರೆ ಮೊದಲನೇ ಸಭೆಯೇ ಕುರ್ಚಿ ಜಗಳದಲ್ಲಿ ಮುರಿದುಬಿದ್ದಿತ್ತು. ಮೇಜಿನ ತಲೆಗೆ ಯಾರು ಕೂರಬೇಕು? ಶಾಲೆಯ ಪ್ರಾಂಶುಪಾಲರು ವಯಸ್ಸಿನ ಮಾತೆತ್ತಿದರು. ಕಾರ್ಖಾನೆಯ ಮ್ಯಾನೇಜರು ಯಂತ್ರ ಕೊಡುವವರು ನಾವು ಎಂದರು. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಮೇಡಂ ತಮ್ಮ ಕೈಚೀಲವನ್ನು ಆ ಕುರ್ಚಿಯ ಮೇಲೆ ಧೊಪ್ಪನೆ ಇಟ್ಟರು. ಓದಿದವರ ಜಗಳಕ್ಕಿಂತ ಬೀದಿನಲ್ಲಿಯ ಜಗಳ ಎಷ್ಟೋ ಮೇಲು, ಅಲ್ಲಿ ಕೊನೆಗೆ ನೀರಾದರೂ ಸಿಗುತ್ತದೆ.

ಆಗ ಸಂಯೋಜಕಿ ಒಂದು ನಿಯಮ ಮಾಡಿದಳು. ಹುದ್ದೆ ಬಾಗಿಲಾಚೆ. ಒಳಗೆ ಬಂದ ಮೇಲೆ ಯಾರೂ ತಾವು ಯಾವ ಸಂಸ್ಥೆಯವರು, ಎಂಥ ಅಧಿಕಾರಿ ಎಂದು ಹೇಳಬಾರದು, ಇನ್ನೊಬ್ಬರನ್ನು ಕೇಳಲೂಬಾರದು. ಮೇಜಿನ ಮೇಲೆ ಹೆಸರಿನ ಫಲಕ ಇಲ್ಲ, ಎಲ್ಲಿ ಬೇಕೋ ಅಲ್ಲಿ ಕೂರಬಹುದು. ನಡಾವಳಿ ಪುಸ್ತಕದಲ್ಲೂ ಇಂಥವರು ಹೀಗೆಂದರು ಎಂದು ಬರೆಯುವಂತಿಲ್ಲ. 'ಸಭೆ ತೀರ್ಮಾನಿಸಿತು, ಕ್ರಮ ಕೈಗೊಳ್ಳಲಾಗುವುದು' ಎಂದಷ್ಟೇ. ನಿಯಮ ಮದ್ದಿನಂತೆ ಕೆಲಸ ಮಾಡಿತು. ಎರಡನೇ ಸಭೆಯಲ್ಲಿ ಮೂವರೂ ತಮ್ಮತಮ್ಮ ಸಿಬ್ಬಂದಿಯೊಂದಿಗೆ ಬಂದು ಕಲೆತು ಕೂತು ನಕ್ಕರು. ಈ ನಿಯಮದ ಬಗ್ಗೆ ಅವಳಿಗೆ ಹೆಮ್ಮೆಯೋ ಹೆಮ್ಮೆ. ನಾಲ್ಕಾರು ಊರುಗಳಿಗೆ ಹೋಗಿ ಅದರ ಮೇಲೆ ಭಾಷಣವನ್ನೂ ಮಾಡಿ ಬಂದಿದ್ದಳು.

ಕಂದು ಕೋಟಿನವರೊಬ್ಬರು ಬರತೊಡಗಿದ್ದು ಆ ಎರಡನೇ ಸಭೆಯಿಂದ. ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಿದ್ದರು, ಎಲ್ಲರೂ ಎದ್ದ ಮೇಲೆ ಏಳುತ್ತಿದ್ದರು. ಮಾತು ಕಡಿಮೆ. ಆದರೆ ಸಭೆ ಎಂದ ಮೇಲೆ ಒಂದು ಗಳಿಗೆ ಬಂದೇ ಬರುತ್ತದಲ್ಲ, 'ಸರಿ, ಇದನ್ನ ಯಾರು ಮಾಡ್ತೀರಿ?' ಎಂದೊಡನೆ ಒಬ್ಬರು ಫೋನು ನೋಡುತ್ತಾರೆ, ಒಬ್ಬರು ಕನ್ನಡಕ ಒರೆಸುತ್ತಾರೆ, ಒಬ್ಬರಿಗೆ ಎಲ್ಲಿಲ್ಲದ ಕೆಮ್ಮು ಬರುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಆಗ ಮೇಜಿನ ಆ ತುದಿಯಿಂದ ಮೆಲ್ಲನೆ ಕೇಳಿಸುತ್ತಿತ್ತು.

"ನಾನು ನೋಡ್ಕೋತೀನಿ ಬಿಡಿ."

ಎಲ್ಲರ ಎದೆಯೂ ಹಗುರಾಗುತ್ತಿತ್ತು. ಮಕ್ಕಳ ಬಸ್ ಪಾಸು, ವಿಮೆಯ ಕಾಗದ, ಮೂರೂ ಕಾಂಪೌಂಡುಗಳ ನಡುವಿನ ಓಣಿಯ ಕಸ, ಎಲ್ಲವನ್ನೂ ಅವರೇ ನೋಡಿಕೊಂಡರು. ಕೊನೆಗೆ ಮೂರನೇ ಘಟ್ಟವನ್ನೂ ಅವರ ಕೈಗೇ ಕೊಟ್ಟದ್ದಾಯಿತು. ಎರಡು ತಿಂಗಳು ವಸತಿ ಸಹಿತ ತರಬೇತಿ, ಆಮೇಲೆ ನೇರ ಕೆಲಸ. ಮೂರು ವರ್ಷಗಳಲ್ಲಿ ಎಂಟೆಂಟು ಮಕ್ಕಳ ಮೂರು ತಂಡಗಳು ಹೋದವು. ಒಂದು ದೂರೂ ಬರಲಿಲ್ಲ. ಟೀ ತರುವ ಅಟೆಂಡರ್ ಮಾತ್ರ ಒಮ್ಮೆ, "ಮೇಡಂ, ಆ ಕಂದು ಕೋಟಿನವರ ಲೋಟ ಯಾವತ್ತೂ ತುಂಬಿದ್ದು ತುಂಬಿದ ಹಾಗೇ ಇರುತ್ತೆ. ಊದ್ತಾರೆ, ಕುಡಿಯಲ್ಲ," ಎಂದಿದ್ದ. "ನಿನ್ನ ಟೀ ರುಚಿ ಹಾಗಿದೆ ಕಣಯ್ಯಾ," ಎಂದು ಅವಳು ನಕ್ಕಿದ್ದಳು.

ಆ ದಿನ ಬೆಳಿಗ್ಗೆ ಅವಳ ಮೇಜಿನ ಮೇಲೊಂದು ಫಾರಂ ಇತ್ತು. ಅತ್ಯುತ್ತಮ ಸಹಭಾಗಿತ್ವ ಪ್ರಶಸ್ತಿಗೆ ಅರ್ಜಿ. ಸಮಿತಿಯ ಸದಸ್ಯರು ಯಾರು, ಯಾವ ಸಂಸ್ಥೆಯವರು ಎಂದು ತುಂಬಬೇಕಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಎಲ್ಲವನ್ನೂ ತುಂಬಿ, ಒಂದು ಸಾಲು ಬಾಕಿ ಉಳಿಯಿತು. ಪ್ರಾಂಶುಪಾಲರಿಗೆ ಫೋನ್ ಮಾಡಿದಳು.

"ಸರ್, ಕಂದು ಕೋಟಿನವರ ಹೆಸರು ಏನು ಬರೀಲಿ?"

"ನಮ್ಮನ್ನ ಕೇಳ್ತೀರಲ್ಲಮ್ಮಾ! ಅವರು ಕಾರ್ಖಾನೆಯವರು. ಬಟ್ಟೆ ನೋಡಿದ್ರೇ ಗೊತ್ತಾಗಲ್ವಾ?"

ಮ್ಯಾನೇಜರು ಜೋರಾಗಿ ನಕ್ಕರು. "ನಮ್ಮಲ್ಲಿ ಅಷ್ಟು ಕೆಲಸ ಮಾಡೋರು ಇದ್ದಿದ್ರೆ ನಾನ್ಯಾಕೆ ಹೀಗಿರ್ತಿದ್ದೆ? ಅವರು ಆಸ್ಪತ್ರೆಯವರು."

ಸೂಪರಿಂಟೆಂಡೆಂಟ್ ಮೇಡಂ ವಾರ್ಡಿನಲ್ಲಿದ್ದರು, ಸಿಡಿಮಿಡಿಯಲ್ಲಿದ್ದರು. "ಆಸ್ಪತ್ರೆಯವರಾ? ಯಾರು ಹೇಳಿದ್ದು? ಅವರು ಶಾಲೆಯವರು ಕಣ್ರೀ. ಮೇಷ್ಟ್ರ ಕಳೆ ಇಲ್ವಾ ಮುಖದಲ್ಲಿ?"

ಸಂಯೋಜಕಿ ಫೋನ್ ಇಟ್ಟಳು. ಮುಖ ಎಂದರಲ್ಲ, ಎಂಥ ಮುಖ? ಮೂರು ವರ್ಷ ಎದುರು ಕೂತ ಮನುಷ್ಯನ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ಕೋಟು ಬಂತು, ಕೋಟಿನ ಗುಂಡಿ ಬಂತು, ಒಪ್ಪವಾಗಿ ತೆಗೆದ ಬೈತಲೆ ಬಂತು. ಮುಖ ಮಾತ್ರ ಬರಲೇ ಇಲ್ಲ. ಹಾಡಹಗಲು, ಕಿಟಕಿ ತುಂಬ ಬಿಸಿಲು, ಆದರೂ ಅವಳು ಎದ್ದು ದೀಪ ಹಾಕಿದಳು.

ಮೊದಲ ತಂಡದ ಮಕ್ಕಳು ಈಗೆಲ್ಲಿದ್ದಾರೆ? ಕೇಳುವುದೇ ತಡ, ಪ್ರಾಂಶುಪಾಲರು ಕಾರ್ಖಾನೆ ಕೆಲಸ ಕೊಟ್ಟಿದೆ ಎಂದರು. ಕಾರ್ಖಾನೆಯವರು ಆಸ್ಪತ್ರೆ ತೆಗೆದುಕೊಂಡಿತಲ್ಲ ಎಂದರು. ಆಸ್ಪತ್ರೆಯವರು ಶಾಲೆ ಮೇಲಿನ ಓದಿಗೆ ಕಳಿಸಿದೆ ಎಂದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. ಹಳೆಯ ಫೈಲು ಹುಡುಕಿ ಒಬ್ಬ ಹುಡುಗನ ಮನೆಗೆ ಫೋನ್ ಮಾಡಿದಳು. ತಂದೆ ಎತ್ತಿದರು.

"ಚೆನ್ನಾಗಿದ್ದಾನಮ್ಮಾ, ನಿಮ್ಮ ದಯೆ. ವಾರ ವಾರ ಅವರಮ್ಮನ ಹತ್ರ ಮಾತಾಡ್ತಾನೆ."

"ಅವರಿಗೇ ಒಂಚೂರು ಕೊಡ್ತೀರಾ?"

ತಾಯಿ ಬಂದರು. "ನನ್ ಹತ್ರ ಎಲ್ಲಿ ಮಾತಾಡ್ತಾನೆ? ಎಲ್ಲಾ ಅಪ್ಪ ಮಗಂದೇ. ನಾನು ಕೇಳಿದ್ರೆ ಇವರು ಚೆನ್ನಾಗಿದ್ದಾನೆ ಅಂತಾರೆ, ಅಷ್ಟೇ."

ಆ ಕಡೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ಆಮೇಲೆ ಆ ತಾಯಿ, ತನಗೆ ತಾನೇ ಹೇಳಿಕೊಳ್ಳುವಂತೆ, "ಇಲ್ಲ ಬಿಡಿ, ಅವರಕ್ಕನ ಹತ್ರ ಮಾತಾಡ್ತಿರ್ತಾನೆ," ಎಂದು ಫೋನ್ ಇಟ್ಟುಬಿಟ್ಟರು.

ಇಷ್ಟು ಹೊತ್ತು ಸಂಯೋಜಕಿ ಒಂದು ಯೋಚನೆಯನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದಳು. ಈಗ ಅದು ನುಗ್ಗಿಬಂತು. ನಾಲ್ಕನೇ ತಂಡ ಇವತ್ತು ಮೂರನೇ ಘಟ್ಟಕ್ಕೆ ಹೊರಡುವುದು. ಎರಡು ಗಂಟೆಗೆ ವ್ಯಾನು. ಆ ಎಂಟು ಮಕ್ಕಳಲ್ಲಿ ಒಬ್ಬಳು ಅವಳ ಮಗಳು.

ಹದಿನೆಂಟರ ಹುಡುಗಿ. ತಲೆಪಿನ್ನಿನಲ್ಲಿ ಮಿಕ್ಸಿ ಬಿಚ್ಚುವ ಕೈ, ಅರೆಗಳಿಗೆ ನಿಲ್ಲದ ಬಾಯಿ. 'ನಿಮ್ಮ ಮಗಳನ್ನೂ ಸೇರಿಸಿ, ಮಿಕ್ಕ ತಾಯ್ತಂದೆಯರಿಗೂ ಧೈರ್ಯ ಬರುತ್ತೆ' ಎಂದು ಪ್ರಾಂಶುಪಾಲರು ಹೇಳಿದ್ದಕ್ಕೆ ಇವಳು ಉಬ್ಬಿಹೋಗಿ ಸೇರಿಸಿದ್ದಳು. ಈಗ ಮಗಳ ನಂಬರು ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಆಮೇಲೆ ನೆನಪಾಯಿತು, ಮೂರನೇ ಘಟ್ಟಕ್ಕೆ ಫೋನ್ ತರುವಂತಿಲ್ಲ ಎಂದು ಸಭೆ ತೀರ್ಮಾನಿಸಿತ್ತು. ಫೋನು ಮನೆಯ ಊಟದ ಮೇಜಿನ ಮೇಲೆ ಬಡಿದುಕೊಳ್ಳುತ್ತಿತ್ತು.

ಗಂಡನಿಗೆ ಮಾಡಿದಳು. ಅವನು ಬಸ್ ಡಿಪೋದಲ್ಲಿ ಗುಮಾಸ್ತ, ಹಿಂದೆ ಇಂಜಿನ್ನುಗಳ ಗಲಾಟೆ.

"ಮರಿಯ ಮೂರನೇ ಘಟ್ಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ನೀವಾ?"

"ನಾನ್ಯಾಕೆ ಹಾಕ್ಲಿ? ನಿನ್ನ ಆಫೀಸಿನ ವಿಷಯ, ನೀನೇ ಹಾಕಿರ್ತೀಯ ಅಂದ್ಕೊಂಡೆ."

"ನಾನು ನೀವು ಹಾಕಿದ್ದೀರಿ ಅಂದ್ಕೊಂಡೆ."

"ಹಾಗಾದ್ರೆ ಯಾರು ಹಾಕಿದ್ದು?"

ಥೂ, ತನ್ನ ಮನೆಯಲ್ಲೂ ಇದೇ ಗೂಡು ಕಟ್ಟಿಕೊಂಡಿತ್ತಲ್ಲ! ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗಿದವಳು, ಹೆತ್ತ ಮಗಳ ಒಂದು ಕಾಗದವನ್ನು ಬಿಡಿಸಿ ನೋಡಿರಲಿಲ್ಲ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಮೂವರನ್ನೂ ಒಂದೇ ಕರೆಗೆ ಸೇರಿಸಿದಳು. ಗಡಿಯಾರ ಒಂದೂ ಇಪ್ಪತ್ತು ತೋರಿಸುತ್ತಿತ್ತು. ಇದ್ದುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ವ್ಯಾನ್ ನಿಲ್ಲಿಸಿ, ದಯವಿಟ್ಟು," ಎಂದಳು.

ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡರು. "ವಿಷಯ ಗಂಭೀರವಾಗಿದೆ. ಮಿಕ್ಕ ಇಬ್ರು ಹೂಂ ಅಂದ್ರೆ ನಮ್ದೇನೂ ಅಡ್ಡಿ ಇಲ್ಲ."

"ನಮ್ದೂ ಅಷ್ಟೇ," ಎಂದರು ಮ್ಯಾನೇಜರು. "ಆದ್ರೆ ಮೊದಲು ಬರವಣಿಗೆಯಲ್ಲಿ ಬರಲಿ. ನಾಳೆ ಅವರು ಯಾರೋ ದೊಡ್ಡವರ ಕಡೆಯವರು ಅಂತಾದ್ರೆ?"

"ವ್ಯಾನು ಯಾರದ್ದು?" ಎಂದರು ಮೇಡಂ. "ನಮ್ಮದಲ್ಲದ ವ್ಯಾನನ್ನ ನಾನು ಹೇಗೆ ನಿಲ್ಲಿಸ್ಲಿ?"

"ಅಯ್ಯೋ, ಮಕ್ಕಳು ಕಣ್ರೀ!" ಎಂದು ಅವಳು ಕಿರುಚಿದಳು. "ವ್ಯಾನು ಹಾಳಾಗಿಹೋಗಲಿ, ಅದು ಎಲ್ಲಿಂದ ಹೊರಡುತ್ತೆ ಅನ್ನೋದಾದ್ರೂ ಹೇಳಿ!"

ಕಾರ್ಖಾನೆ ಗೇಟಿನಿಂದ ಎಂದರು ಪ್ರಾಂಶುಪಾಲರು. ಆಸ್ಪತ್ರೆಯಿಂದ ಎಂದರು ಮ್ಯಾನೇಜರು. ಶಾಲೆಯಿಂದ ತಾನೇ, ಎಂದರು ಮೇಡಂ. ಅವಳು ಕರೆ ಕತ್ತರಿಸಿದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಜೊತೆ ಮಾತಾಡಿ ಏನು ಬಂತು? ಮೂವರೂ ತಮ್ಮಲ್ಲಿಂದಲ್ಲ ಎಂದ ಮೇಲೆ ಉಳಿದದ್ದು ಒಂದೇ. ಮೂರೂ ಕಾಂಪೌಂಡುಗಳ ಗೋಡೆಗಳು ಸೇರುವ ಆ ಹಿಂದಿನ ಓಣಿ, ನಮ್ಮದಲ್ಲ ನಮ್ಮದಲ್ಲ ಎಂದು ಮೂವರೂ ಗುಡಿಸದೆ ಬಿಟ್ಟದ್ದು. ಚಪ್ಪಲಿಯ ಪಟ್ಟಿ ಕಿತ್ತರೂ ನಿಲ್ಲದೆ ಓಡಿದಳು.

ಓಣಿಯಲ್ಲಿ ಒಂದು ಕಡ್ಡಿ ಕಸ ಇರಲಿಲ್ಲ. ಕಲ್ಲುಗಳ ಸಂದಿಯ ಹುಲ್ಲನ್ನೂ ಯಾರೋ ಕೈಯಿಂದ ಆರಿಸಿ ತೆಗೆದಿದ್ದರು. ಆಸ್ಪತ್ರೆಯ ಜನರೇಟರಿನ ಗುಡುಗು, ಕಾರ್ಖಾನೆಯ ಸುತ್ತಿಗೆ, ಶಾಲೆಯ ಗಲಾಟೆ, ಮೂರೂ ಗೋಡೆಗಳಾಚೆ ಇರಲೇಬೇಕಿತ್ತು. ಇಲ್ಲಿ ಯಾವುದೂ ಕೇಳಿಸುತ್ತಿರಲಿಲ್ಲ. ನಡುವೆ ಒಂದು ಬಿಳಿ ವ್ಯಾನು, ಮೇಲೆ ಯಾವ ಸಂಸ್ಥೆಯ ಅಕ್ಷರವೂ ಇಲ್ಲ. ಬಾಗಿಲ ಪಕ್ಕ ಕಂದು ಕೋಟಿನವರು ಕೈಕಟ್ಟಿ ನಿಂತಿದ್ದರು. ಅವಳು ನೇರ ಅವರ ಮುಖ ನೋಡಿದಳು. ನೋಡುತ್ತಿರುವಾಗ ಮುಖ ಇತ್ತು, ಕಣ್ಣು ಮಿಟುಕಿಸಿದರೆ ಹೇಗಿತ್ತೆಂದು ಮರೆತುಹೋಗುತ್ತಿತ್ತು.

"ಬಂದ್ರಾ?" ಎಂದರು ಅವರು, ನಿಜವಾಗಿಯೂ ಸಂತೋಷಪಟ್ಟವರ ದನಿಯಲ್ಲಿ. "ಪ್ರತಿ ಸಲ ಎರಡು ಗಂಟೆವರೆಗೂ ಕಾಯ್ತೀನಿ, ಯಾರಾದ್ರೂ ಬರ್ತಾರೇನೋ ಅಂತ. ಇಷ್ಟು ದಿನಕ್ಕೆ ನೀವೇ ಮೊದಲು."

"ಯಾರ್ರೀ ನೀವು? ಯಾವ ಸಂಸ್ಥೆಯವರು?"

"ಕೇಳಬಾರದು ಅಂತ ನೀವೇ ಅಲ್ವಾ ನಿಯಮ ಮಾಡಿದ್ದು?"

"ಈ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?"

"ಕಳಿಸ್ತಿರೋರು ನೀವು. ಎಲ್ಲಿಗೆ ಅಂತ ನಿಮ್ಮ ನಡಾವಳಿಯಲ್ಲಿ ಒಂದು ಸಾಲೂ ಇಲ್ಲ." ಅವರ ಮಾತಿನಲ್ಲಿ ಕುಹಕ ಇರಲಿಲ್ಲ. "ನಾನು ಯಾರನ್ನೂ ಎಳ್ಕೊಂಡು ಹೋಗಲ್ಲಮ್ಮಾ. ನಮ್ಮವರು ಅಂತ ಯಾರೂ ಅನ್ನದೆ ಬಿಟ್ಟಿದ್ದನ್ನ ಮಾತ್ರ ನೋಡ್ಕೋತೀನಿ. ನನ್ನವಳು ಅನ್ನಿ, ಇಳಿಸ್ಕೊಂಡು ಹೋಗಿ. ಅಷ್ಟೇ ಇರೋದು."

"ನನ್ನವಳು!" ಎಂದಳು ಅವಳು. ದನಿ ಓಣಿಯಲ್ಲಿ ಮೂರು ಸಲ ಮೊಳಗಿತು. "ನನ್ನ ಮಗಳು, ನಾನೇ ಹೆತ್ತಿದ್ದು. ಮರೀ, ಇಳಿಯೇ ಕೆಳಗೆ!"

ಮಗಳು ಕಿಟಕಿಯಿಂದ ತಲೆ ಹೊರಹಾಕಿ, ಮುಖ ಕೆಂಪಗೆ ಮಾಡಿಕೊಂಡು, "ಅಮ್ಮಾ! ಎಲ್ಲರ ಮುಂದೆ ಮರ್ಯಾದೆ ತೆಗೀಬೇಡ," ಎಂದಳು. ಆದರೂ ಚೀಲ ಎತ್ತಿಕೊಂಡು ಗೊಣಗುತ್ತ ಇಳಿದಳು. ಯಾರೂ ತಡೆಯಲಿಲ್ಲ. ಸಂಯೋಜಕಿ ಅವಳ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಹುಡುಗಿ 'ಆಯ್' ಎಂದಳು. ಬೆಚ್ಚಗಿದ್ದ ಕೈ, ಗ್ರೀಸಿನ ವಾಸನೆಯ ಕೈ. ಆ ತಾಯಿಗೆ ಜಗತ್ತೇ ಕೈಗೆ ಬಂದಷ್ಟು ನೆಮ್ಮದಿಯಾಯಿತು, ಅಳುವೇ ಬಂದುಬಿಟ್ಟಿತು.

ಕಂದು ಕೋಟಿನವರು ಕಾದರು. "ಮಿಕ್ಕ ಏಳು ಜನ?" ಎಂದು ಕೇಳಿದರು.

ಏಳು ಮುಖಗಳು ಕಿಟಕಿಗಳಲ್ಲಿ ಇವಳನ್ನೇ ನೋಡುತ್ತಿದ್ದವು. ಒಬ್ಬ ಹುಡುಗ ಬಾಳೆಹಣ್ಣು ತಿನ್ನುತ್ತಿದ್ದ. ಹಿಂದಿನ ಸೀಟಿನ ಹುಡುಗಿಯೊಬ್ಬಳು ತಾನೂ ಇಳಿಯಬೇಕೇನೋ ಎಂದು ಅರ್ಧ ಎದ್ದು ನಿಂತಿದ್ದಳು. ಒಂದು ಮಾತು ಸಾಕಿತ್ತು, ಕಾಸು ಖರ್ಚಿಲ್ಲದ ಮಾತು. ಆದರೆ ಅವಳ ನಾಲಿಗೆ ಇಪ್ಪತ್ತು ವರ್ಷ ಸಂಯೋಜಕಿಯಾಗಿ ಪಳಗಿದ ನಾಲಿಗೆ. ಅದು ತಾನಾಗಿಯೇ ಹೊರಳಿತು.

"ಅವರು ಶಾಲೆಯವರಿಗೆ ಸೇರಿದ ಮಕ್ಕಳು. ಒಂದು ನಿಮಿಷ, ಪ್ರಾಂಶುಪಾಲರನ್ನ ಕೇಳಿ ಹೇಳ್ತೀನಿ."

"ಆಗಲಿ," ಎಂದರು ಅವರು.

ಅವಳು ತಲೆ ತಗ್ಗಿಸಿ ನಂಬರು ಒತ್ತಿದಳು. ಎರಡು ರಿಂಗಾಯಿತು. ಅತ್ತಲಿಂದ 'ಹಲೋ' ಎನ್ನುವಷ್ಟರಲ್ಲಿ ಜನರೇಟರಿನ ಗುಡುಗು, ಸುತ್ತಿಗೆ, ಶಾಲೆಯ ಗಲಾಟೆ ಎಲ್ಲ ಒಟ್ಟಿಗೆ ಕಿವಿಗೆ ಅಪ್ಪಳಿಸಿದವು. ತಲೆಯೆತ್ತಿದಳು. ಓಣಿ ಖಾಲಿಯಾಗಿತ್ತು. ವ್ಯಾನು ತಿರುಗಲು ಅಲ್ಲಿ ಜಾಗವೇ ಇರಲಿಲ್ಲ, ಇಂಜಿನ್ ಶುರುವಾದದ್ದನ್ನೂ ಅವಳು ಕೇಳಿರಲಿಲ್ಲ. ಪ್ರಾಂಶುಪಾಲರು ಫೋನಿನಲ್ಲಿ ಹಲೋ ಹಲೋ ಎನ್ನುತ್ತಲೇ ಇದ್ದರು.

ಮಗಳು ಖಾಲಿ ಜಾಗವನ್ನೇ ನೋಡುತ್ತಿದ್ದಳು.

"ಅಮ್ಮಾ, ನನ್ನೊಬ್ಬಳನ್ನೇ ಇಳಿಸ್ಕೊಂಡ್ಯಾ?"

ಮಗಳು ಕೈ ಬಿಡಿಸಿಕೊಂಡು ಮುಂದೆ ನಡೆದಳು, ಇವಳು ಕಿತ್ತ ಚಪ್ಪಲಿಯನ್ನು ಎಳೆಯುತ್ತ ಹಿಂದೆ ನಡೆದಳು. ಮನೆಯ ತಿರುವು ಬಂದಾಗ ಇಬ್ಬರೂ ಆ ಕಡೆ ತಿರುಗಲಿಲ್ಲ.

ಪೊಲೀಸ್ ಠಾಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ದೂರು ಬರೆದುಕೊಳ್ಳುವ ಪೇದೆ ನಡುವಯಸ್ಸಿನವನು, ಇವಳ ಕಥೆಯನ್ನು ಪೂರ್ತಿ ಕೇಳಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಪುಸ್ತಕ ಬಿಚ್ಚಿದ.

"ಕಾಣೆಯಾದ ಮಕ್ಕಳ ದೂರು ಸುಮ್ಮನೆ ಹಾದಿಹೋಕರು ಕೊಡೋಕಾಗಲ್ಲಮ್ಮಾ. ಮಕ್ಕಳ ಕಡೆಯವರು ಕೊಡಬೇಕು. ಅವರು ನಿಮಗೇನಾಗಬೇಕು?"

ಸಂಯೋಜಕಿ ಮಗಳ ಕಡೆ ನೋಡಿದಳು. ಮಗಳು ಇವಳ ಕಡೆ ನೋಡುತ್ತಿರಲಿಲ್ಲ.

"ನನ್ನ ಮಕ್ಕಳು," ಎಂದಳು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು, "ನನ್ನ ಮಕ್ಕಳೇ, ಬರ್ಕೊಳ್ಳಿ."

"ಏಳು ಜನಾನೂ?"

"ಏಳಲ್ಲ. ಮೂವತ್ತೊಂದು."

ಪೇದೆ ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನು ಉಸಿರುಬಿಟ್ಟು ಒಂದರಿಂದ ಮೂವತ್ತೊಂದರವರೆಗೆ ಪುಟಗಳ ಅಂಚಿನಲ್ಲಿ ಅಂಕಿ ಹಾಕಿದ. ಅದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು.

"ಹೆಸರು ಹೇಳಿ."

ವ್ಯಾನಿನಲ್ಲಿ ಜೊತೆಗಿದ್ದ ಏಳು ಜನರ ಹೆಸರುಗಳನ್ನು ಮಗಳೇ ಹೇಳಿದಳು, ಮನೆಯಲ್ಲಿ ಕರೆಯುವ ಹೆಸರುಗಳನ್ನೂ ಸೇರಿಸಿ, ಯಾರಿಗೆ ಎಲ್ಲಿ ಮಚ್ಚೆ, ಯಾರಿಗೆ ಉಬ್ಬಸ ಎಂಬುದನ್ನೂ ಬಿಡದೆ. ಪೇದೆ ಬರೆದುಕೊಂಡು ಪುಟ ತಿರುವಿದ. ಎಂಟನೇ ಅಂಕಿಯ ಮೇಲೆ ಪೆನ್ನು ಊರಿ ತಾಯಿಯ ಕಡೆ ತಿರುಗಿದ.

ಅವಳು ಬಾಯಿ ತೆರೆದಳು. ಮೂರು ವಾರ್ಷಿಕ ವರದಿಗಳನ್ನು ಅವಳೇ ಬರೆದಿದ್ದಳು, ಒಂದೊಂದು ಸಾಲೂ ಕಂಠಪಾಠವಾಗಿತ್ತು. ಮೊದಲನೇ ವರ್ಷ ಫಲಾನುಭವಿಗಳು ಎಂಟು. ಎರಡನೇ ವರ್ಷ ಎಂಟು. ಮೂರನೇ ವರ್ಷ ಎಂಟು. ಹುಡುಗರೆಷ್ಟು, ಹುಡುಗಿಯರೆಷ್ಟು, ಶೇಕಡಾವಾರು ಎಷ್ಟು, ಎಲ್ಲ ನೆನಪಿತ್ತು. ಬೆಳಿಗ್ಗೆಯಷ್ಟೇ ಫೈಲಿನಲ್ಲಿ ಹುಡುಕಿ ಫೋನ್ ಮಾಡಿದ್ದಳಲ್ಲ, ಆ ಹುಡುಗನ ಹೆಸರಿಗೂ ತಡಕಾಡಿದಳು. ನಂಬರನ್ನು ಮಾತ್ರ ನೋಡಿ ಒತ್ತಿದ್ದು ನೆನಪಾಯಿತು.

"ನಿಮ್ಮ ಮಕ್ಕಳು ಅಂದ್ರಲ್ಲಮ್ಮಾ," ಎಂದ ಪೇದೆ, ಪೆನ್ನು ಎತ್ತದೆ. "ಹೆಸರು ಹೇಳಿ."